ಕ್ಷಯರೋಗಾಣುವೂ ಉಸಿರಾಟದ ವೈರಸ್ಸುಗಳೂ

ಕ್ಷಯವೂ ಫ್ಲೂ ಜ್ವರವೂ ಗಾಳಿಯ ಮೂಲಕ ಹರಡುವ ರೋಗಗಳು. ಎರಡರ ಸೋಂಕೂ ಉಸಿರಿನ ದಾರಿಯಲ್ಲೇ ಒಳಹೊಕ್ಕು ಶ್ವಾಸಕೋಶವನ್ನು ಸೇರುತ್ತದೆ. ಆದರೂ ವೈದ್ಯಕೀಯ ಪಠ್ಯಗಳಲ್ಲಿ ಇವುಗಳಿಗೆ ಬೇರೆ ಬೇರೆ ಅಧ್ಯಾಯಗಳು, ಆಸ್ಪತ್ರೆಗಳಲ್ಲಿ ಬೇರೆ ಬೇರೆ ವಿಭಾಗಗಳು, ಸರ್ಕಾರದ ಲೆಕ್ಕದಲ್ಲಿ ಬೇರೆ ಬೇರೆ ಕಾರ್ಯಕ್ರಮಗಳು ಇರುವುದರಿಂದ, ಒಬ್ಬನೇ ಮನುಷ್ಯನ ದೇಹದಲ್ಲಿ ಇವೆರಡೂ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬ ಪ್ರಶ್ನೆ ಬಹುಕಾಲ ಯಾರ ಹೊಣೆಯೂ ಆಗದೆ ಉಳಿದಿತ್ತು. ಜನರ ಮಾತಿನಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ಒಂದು ಕಾಯಿಲೆ ಬಂದರೆ ರೋಗನಿರೋಧಕ ಶಕ್ತಿ ಕುಂದುತ್ತದೆ, ಅದು ಕುಂದಿದಾಗ ಇನ್ನೊಂದು ಕಾಯಿಲೆ ಒಳಬರುತ್ತದೆ. ಕೋವಿಡ್ ಕಾಲದಲ್ಲಿ ಕಷಾಯದ ಪುಡಿಯಿಂದ ಹಿಡಿದು ವಿಟಮಿನ್ ಮಾತ್ರೆಯವರೆಗೆ ಎಷ್ಟೋ ಸರಕು ಈ ನಂಬಿಕೆಯ ಬಲದ ಮೇಲೆಯೇ ಮಾರಾಟವಾಯಿತು.

ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ರೋಗನಿರೋಧಕ ಶಕ್ತಿಯೆಂಬುದು ಹೆಚ್ಚು ಅಥವಾ ಕಡಿಮೆ ಎಂದು ಅಳೆದು ಹೇಳಬಹುದಾದ ಒಂದೇ ಸಾಮಗ್ರಿ ಎಂಬ ಎಣಿಕೆ ಅದರ ಹಿಂದಿದ್ದು, ಆ ಎಣಿಕೆ ಸರಿಯಲ್ಲ. ದೇಹದ ರಕ್ಷಣೆ ಒಂದೇ ಬಗೆಯದಲ್ಲ. ವೈರಸ್ಸಿಗೆ ಒಂದು ಬಗೆಯ ಪ್ರತಿಕ್ರಿಯೆ, ಕ್ಷಯದಂತಹ ನಿಧಾನಗತಿಯ ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಬಗೆಯ ಪ್ರತಿಕ್ರಿಯೆ ಬೇಕಾಗುತ್ತದೆ, ಮತ್ತು ಈ ಎರಡು ಬಗೆಗಳು ಕೆಲವೊಮ್ಮೆ ಒಂದನ್ನೊಂದು ಅಡ್ಡಗಟ್ಟುತ್ತವೆ. ಕಳೆದ ಹದಿನೈದಿಪ್ಪತ್ತು ವರ್ಷಗಳ ಸಂಶೋಧನೆಯಿಂದ ಹೊರಬಂದ ಅತ್ಯಂತ ಕುತೂಹಲಕರ ಸಂಗತಿಯೆಂದರೆ, ವೈರಸ್ಸಿನ ವಿರುದ್ಧ ದೇಹ ತೋರಿಸುವ ಚುರುಕಾದ, ಆರೋಗ್ಯಕರವಾದ ಪ್ರತಿಕ್ರಿಯೆಯೇ ಕ್ಷಯರೋಗಾಣುವಿಗೆ ಅನುಕೂಲವಾಗಬಲ್ಲದು ಎಂಬುದು. ಶಕ್ತಿ ಕುಂದಿದ್ದರಿಂದಲೇ ಕ್ಷಯ ಏಳುತ್ತದೆ ಎನ್ನುವಂತಿಲ್ಲ. ಶಕ್ತಿ ಬೇರೆ ಕಡೆಗೆ ತಿರುಗಿದ್ದರಿಂದಲೂ ಏಳಬಹುದು.

ಇದನ್ನು ತಿಳಿಯಲು ಮೊದಲು ಕ್ಷಯರೋಗಾಣುವಿನ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಜಗತ್ತಿಗೆ ಪರಿಚಯಿಸಿದ ಈ ಕಡ್ಡಿಯಾಕಾರದ ಜೀವಿಯ ಹೊರಗೋಡೆ ಮೇಣದಂತಹ ಕೊಬ್ಬಿನಾಮ್ಲಗಳಿಂದ ಕೂಡಿದ್ದು, ಅನೇಕ ರಾಸಾಯನಿಕಗಳು ಅದನ್ನು ಸುಲಭವಾಗಿ ಭೇದಿಸಲಾರವು. ಇದಕ್ಕೆ ಅವಸರವೆಂಬುದಿಲ್ಲ. ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ, ಕ್ಷಯರೋಗಾಣುವಿಗೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಒಂದು ಇಡೀ ದಿನ ಬೇಕು. ಕೆಮ್ಮಿದವರ ಬಾಯಿಂದ ಹೊರಬಿದ್ದ ಸೂಕ್ಷ್ಮ ಹನಿಗಳ ಜೊತೆ ಅದು ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳನ್ನು ತಲುಪಿದಾಗ, ಅಲ್ಲಿ ಸದಾ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ನುಂಗಿದ ವಸ್ತುವನ್ನು ಒಂದು ಪುಟ್ಟ ಚೀಲದಲ್ಲಿಟ್ಟು, ಜೀರ್ಣಕಾರಿ ಆಮ್ಲ ಮತ್ತು ಕಿಣ್ವಗಳಿರುವ ಲೈಸೊಸೋಮ್ ಎಂಬ ಮತ್ತೊಂದು ಚೀಲದೊಡನೆ ಬೆಸೆದು ಅರಗಿಸುವುದು ಈ ಕೋಶಗಳ ರೂಢಿ. ಕ್ಷಯರೋಗಾಣು ಈ ಬೆಸುಗೆಯನ್ನೇ ತಡೆಯುತ್ತದೆ. ತನ್ನನ್ನು ಕೊಲ್ಲಬೇಕಾದ ಕೋಶವನ್ನೇ ಅದು ಮನೆ ಮಾಡಿಕೊಳ್ಳುತ್ತದೆ.

ಇಂತಹ ಕೋಶಕ್ಕೆ ಹೊರಗಿನಿಂದ ಆಜ್ಞೆ ಬರಬೇಕಾಗುತ್ತದೆ. ಆ ಆಜ್ಞೆಯನ್ನು ತರುವವು ಟಿ ಕೋಶಗಳೆಂಬ ಬಿಳಿ ರಕ್ತಕಣಗಳು, ಅವುಗಳಲ್ಲಿಯೂ ಮುಖ್ಯವಾಗಿ ಸಿಡಿ4 ಎಂಬ ಗುರುತನ್ನು ಮೈಮೇಲೆ ಹೊತ್ತವು. ಅವು ಸ್ರವಿಸುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನು ಮ್ಯಾಕ್ರೊಫೇಜಿನ ಕೊಲ್ಲುವ ಸಾಮರ್ಥ್ಯವನ್ನು ಎಚ್ಚರಿಸುತ್ತದೆ. ಆದರೆ ಟಿ ಕೋಶಗಳು ತಕ್ಷಣ ಬರುವುದಿಲ್ಲ. ರೋಗಾಣುವಿನ ಚೂರುಗಳನ್ನು ಯಾರಾದರೂ ಎದೆಯೊಳಗಿನ ದುಗ್ಧಗ್ರಂಥಿಗಳಿಗೆ ಒಯ್ದು ತೋರಿಸಿ, ತಕ್ಕ ಟಿ ಕೋಶ ಅದನ್ನು ಗುರುತಿಸಿ, ಸಂಖ್ಯೆಯಲ್ಲಿ ವೃದ್ಧಿಗೊಂಡು, ಮರಳಿ ಶ್ವಾಸಕೋಶಕ್ಕೆ ಬರುವುದಕ್ಕೆ ಮನುಷ್ಯರಲ್ಲಿ 2ರಿಂದ 8 ವಾರಗಳಾಗುತ್ತವೆ. ಅಷ್ಟರಲ್ಲಿ ರೋಗಾಣು ಬೇರೂರಿರುತ್ತದೆ. ಆಮೇಲೆ ಎರಡೂ ಪಕ್ಷಗಳ ನಡುವೆ ಒಂದು ಬಗೆಯ ಒಪ್ಪಂದವಾಗುತ್ತದೆ: ಸೋಂಕಿತ ಮ್ಯಾಕ್ರೊಫೇಜುಗಳ ಸುತ್ತ ಟಿ ಕೋಶಗಳೂ ಇತರ ಕಣಗಳೂ ಗುಂಪುಗಟ್ಟಿ ಗ್ರಾನುಲೋಮ ಎಂಬ ಗಂಟಾಗುತ್ತವೆ, ಅದರ ನಡುಭಾಗ ಸತ್ತು, ಗಿಣ್ಣಿನಂತೆ ಮೆತ್ತಗೆ ಬಿಳಿಚಾಗಿ ಕಾಣುತ್ತದೆ. ರೋಗಾಣು ಒಳಗೇ ಬದುಕಿರುತ್ತದೆ, ಹೊರಗೆ ಬರಲಾಗುವುದಿಲ್ಲ. ಮನುಷ್ಯ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತಾನೆ. ಜಗತ್ತಿನ ಜನಸಂಖ್ಯೆಯ ಸುಮಾರು ಕಾಲು ಭಾಗದಷ್ಟು ಜನರಿಗೆ ಎಂದಾದರೊಮ್ಮೆ ಈ ಸೋಂಕು ತಗುಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದ್ದು, ಅವರಲ್ಲಿ ಜೀವಮಾನದಲ್ಲಿ ರೋಗಕ್ಕೆ ತುತ್ತಾಗುವವರು ಶೇಕಡ 5ರಿಂದ 10 ಮಂದಿ ಮಾತ್ರ. ಉಳಿದವರಲ್ಲಿ ಆ ಒಪ್ಪಂದ ಕೊನೆತನಕ ಮುರಿಯುವುದಿಲ್ಲ.

ಇಂಟರ್‌ಫೆರಾನ್ ಗಾಮಾ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿಸರ್ಗವೇ ಉತ್ತರ ಕೊಟ್ಟಿದೆ. ಈ ಪ್ರೋಟೀನಿನ ಸಂದೇಶವನ್ನು ಸ್ವೀಕರಿಸುವ ಗ್ರಾಹಕವೇ ಹುಟ್ಟಿನಿಂದ ಕೆಟ್ಟಿರುವ ಮಕ್ಕಳ ಬಗ್ಗೆ 1996ರಲ್ಲಿ ಮೊದಲ ವರದಿಗಳು ಬಂದವು. ಇತರರಿಗೆ ನಿರುಪದ್ರವಿಗಳಾದ ಮಣ್ಣು-ನೀರಿನ ಮೈಕೊಬ್ಯಾಕ್ಟೀರಿಯಾಗಳೂ, ಅಷ್ಟೇಕೆ, ರಕ್ಷಣೆಗೆಂದು ಹಾಕುವ ಬಿಸಿಜಿ ಲಸಿಕೆಯೂ ಅಂತಹ ಮಕ್ಕಳ ಪಾಲಿಗೆ ಮಾರಕವಾಗಬಲ್ಲವು. ಹಾಗೆಯೇ, ಸಂಧಿವಾತಕ್ಕೆ ಕೊಡುವ ಹೊಸ ಬಗೆಯ ಔಷಧಗಳು ಟಿಎನ್‌ಎಫ್ ಎಂಬ ಮತ್ತೊಂದು ಸಂದೇಶವಾಹಕವನ್ನು ತಡೆಯುತ್ತವೆ. ಅವುಗಳನ್ನು ತೆಗೆದುಕೊಂಡವರಲ್ಲಿ ಮಲಗಿದ್ದ ಕ್ಷಯ ಎದ್ದು ಬಂದದ್ದು 2001ರಲ್ಲಿ ಬೆಳಕಿಗೆ ಬಂದಿತು. ಗ್ರಾನುಲೋಮದ ಗಂಟು ಬಿಗಿಯಾಗಿ ನಿಲ್ಲಲು ಇವೆರಡೂ ಬೇಕು.

ವೈರಸ್ಸಿನ ಕಥೆ ಬೇರೆ. ಅದು ಗಂಟೆಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಎರಡು ವಾರ ಕಾದರೆ ಕೆಲಸ ಕೈಮೀರುತ್ತದೆ. ಆದ್ದರಿಂದ ದೇಹ ಅದರ ವಿರುದ್ಧ ಬಳಸುವುದು ಮೊದಲನೆಯ ವರ್ಗದ ಇಂಟರ್‌ಫೆರಾನುಗಳನ್ನು, ಅಂದರೆ ಆಲ್ಫಾ ಮತ್ತು ಬೀಟಾ ಎಂದು ಕರೆಯುವವುಗಳನ್ನು. ಹೆಸರಿನಲ್ಲಿ ಗಾಮಾದ ದಾಯಾದಿಗಳಂತೆ ಕಂಡರೂ ಇವುಗಳ ಗ್ರಾಹಕ ಬೇರೆ, ಕೆಲಸ ಬೇರೆ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ 1957ರಲ್ಲಿ ಇವನ್ನು ಪತ್ತೆಹಚ್ಚಿದ್ದು ಫ್ಲೂ ವೈರಸ್ಸಿನ ಮೂಲಕವೇ: ಶಾಖದಿಂದ ನಿಷ್ಕ್ರಿಯಗೊಳಿಸಿದ ವೈರಸ್ಸನ್ನು ಕೋಳಿಮೊಟ್ಟೆಯೊಳಗಿನ ಪೊರೆಯ ತುಣುಕುಗಳ ಜೊತೆ ಇಟ್ಟಾಗ ಆ ಪೊರೆಯಿಂದ ಹೊರಬಂದ ಯಾವುದೋ ವಸ್ತು, ಹೊಸ ಪೊರೆಗಳಲ್ಲಿ ಜೀವಂತ ವೈರಸ್ಸು ಬೆಳೆಯದಂತೆ ತಡೆಯಿತು. ಸೋಂಕಿತ ಕೋಶವೊಂದು ತಾನು ಸಾಯುವ ಮುನ್ನ ನೆರೆಯ ಕೋಶಗಳಿಗೆ ಕಳಿಸುವ ಎಚ್ಚರಿಕೆ ಅದು. ಎಚ್ಚರಿಕೆ ತಲುಪಿದ ಕೋಶಗಳಲ್ಲಿ ನೂರಾರು ಜೀನುಗಳು ಏಕಕಾಲಕ್ಕೆ ಚಾಲನೆಗೊಂಡು, ವೈರಸ್ಸಿನ ನಕಲು ತಯಾರಾಗದಂತೆ ಒಳಗಿನ ಯಂತ್ರವನ್ನೇ ನಿಲ್ಲಿಸುತ್ತವೆ. ಫ್ಲೂ ಬಂದಾಗ ಆಗುವ ಮೈಕೈನೋವು, ಚಳಿ, ಹಾಸಿಗೆ ಬಿಟ್ಟೇಳಲಾರದ ಆಯಾಸ ಇವುಗಳಲ್ಲಿ ಹೆಚ್ಚಿನ ಪಾಲು ವೈರಸ್ಸಿನದಲ್ಲ, ಈ ಪ್ರತಿಕ್ರಿಯೆಯದು.

ಐವತ್ತಮೂರು ವರ್ಷಗಳ ನಂತರ, ಅದೇ ಮಿಲ್ ಹಿಲ್ ಸಂಸ್ಥೆಯಲ್ಲಿ ಆ್ಯನ್ ಓ'ಗಾರಾ ಅವರ ತಂಡ ಕ್ಷಯರೋಗಿಗಳ ರಕ್ತವನ್ನು ಪರೀಕ್ಷಿಸಿತು. ಲಂಡನ್ನಿನ ಮತ್ತು ದಕ್ಷಿಣ ಆಫ್ರಿಕದ ರೋಗಿಗಳ ರಕ್ತಕಣಗಳಲ್ಲಿ ಯಾವ ಯಾವ ಜೀನುಗಳು ಕೆಲಸ ಮಾಡುತ್ತಿವೆ ಎಂದು ಒಟ್ಟಾರೆ ನೋಡಿದಾಗ, ಎಲ್ಲರೂ ನಿರೀಕ್ಷಿಸಿದ್ದಂತೆ ಇಂಟರ್‌ಫೆರಾನ್ ಗಾಮಾದ ಗುರುತಷ್ಟೇ ಕಾಣುವ ಬದಲು, ಆಲ್ಫಾ-ಬೀಟಾ ಇಂಟರ್‌ಫೆರಾನುಗಳ ಗುರುತು, ಅದರಲ್ಲೂ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ, ಎದ್ದು ಕಂಡಿತು. 2010ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಎದೆಯ ಕ್ಷಕಿರಣ ಚಿತ್ರದಲ್ಲಿ ರೋಗ ಎಷ್ಟು ಹರಡಿದೆಯೋ ಆ ಗುರುತೂ ಅಷ್ಟು ದಟ್ಟವಾಗಿತ್ತು. ಚಿಕಿತ್ಸೆ ಮುಂದುವರಿದಂತೆ ಅಳಿಸುತ್ತ ಹೋಯಿತು. ಅಂದರೆ ವೈರಸ್ಸು ಇಲ್ಲದಿದ್ದರೂ ಕ್ಷಯರೋಗಿಯ ದೇಹ ವೈರಸ್ಸು ಬಂದಂತೆ ವರ್ತಿಸುತ್ತಿತ್ತು.

ಹೀಗೇಕೆ ಎಂಬುದಕ್ಕೆ ಉತ್ತರ 2015ರಲ್ಲಿ ಮೂರು ಪ್ರಯೋಗಾಲಯಗಳಿಂದ ಏಕಕಾಲದಲ್ಲಿ ಬಂದಿತು. ಕ್ಷಯರೋಗಾಣುವಿನ ಬಳಿ ಇಎಸ್‌ಎಕ್ಸ್-1 ಎಂದು ಹೆಸರಿಸಲಾದ ಒಂದು ಸ್ರಾವವ್ಯವಸ್ಥೆಯಿದೆ. ಅದರಿಂದ ಹೊರಬರುವ ಪ್ರೋಟೀನುಗಳು, ಮ್ಯಾಕ್ರೊಫೇಜು ರೋಗಾಣುವನ್ನು ಕೂಡಿಟ್ಟ ಚೀಲದ ಗೋಡೆಯನ್ನು ತೂತು ಮಾಡುತ್ತವೆ. ಆ ತೂತಿನಿಂದ ರೋಗಾಣುವಿನ ಡಿಎನ್‌ಎ ಕೋಶದ್ರವಕ್ಕೆ ಸೋರುತ್ತದೆ. ಕೋಶಕೇಂದ್ರದ ಹೊರಗೆ, ಕೋಶದ್ರವದಲ್ಲಿ, ಡಿಎನ್‌ಎ ಇರುವುದು ಸಹಜವಲ್ಲ. ಅಲ್ಲಿ ಅದು ಕಂಡರೆ ಸಾಮಾನ್ಯವಾಗಿ ವೈರಸ್ಸು ನುಗ್ಗಿದೆಯೆಂದೇ ಅರ್ಥ. ಅದನ್ನು ಗುರುತಿಸಲೆಂದೇ ಇರುವ ಸಿಗ್ಯಾಸ್ ಎಂಬ ಕಿಣ್ವ ತಕ್ಷಣ ಅಪಾಯದ ಸೂಚನೆ ಕೊಡುತ್ತದೆ, ಸ್ಟಿಂಗ್ ಎಂಬ ಇನ್ನೊಂದು ಪ್ರೋಟೀನು ಅದನ್ನು ಮುಂದಕ್ಕೆ ಸಾಗಿಸುತ್ತದೆ, ಕೋಶವು ಆಲ್ಫಾ-ಬೀಟಾ ಇಂಟರ್‌ಫೆರಾನನ್ನು ಉತ್ಪಾದಿಸತೊಡಗುತ್ತದೆ. ಬ್ಯಾಕ್ಟೀರಿಯಾವೊಂದು ವೈರಸ್ಸಿನ ವೇಷ ತೊಟ್ಟು ದೇಹವನ್ನು ತಪ್ಪು ದಾರಿಗೆ ಎಳೆಯುವ ಇದಕ್ಕಿಂತ ನಯವಾದ ಉಪಾಯ ಸೂಕ್ಷ್ಮಜೀವಿಗಳ ಲೋಕದಲ್ಲಿ ಅಪರೂಪವೇ ಸರಿ. ಇದರ ಮತ್ತೊಂದು ಮುಖವನ್ನೂ ಹೇಳಬೇಕು: ಅದೇ ಡಿಎನ್‌ಎ ಸೂಚನೆಯಿಂದ ಕೋಶವು ರೋಗಾಣುವನ್ನು ಸುತ್ತುವರಿದು ಅರಗಿಸುವ ಬೇರೊಂದು ವಿಧಾನವೂ ಚಾಲನೆಗೊಳ್ಳುವುದುಂಟು. ಹಾಗಾಗಿ ಈ ವೇಷ ರೋಗಾಣುವಿಗೆ ಬರೀ ಲಾಭದ್ದೆಂದು ಹೇಳಿಬಿಡಲಾಗದು.

ಆಲ್ಫಾ-ಬೀಟಾ ಇಂಟರ್‌ಫೆರಾನು ಹೆಚ್ಚಾದಾಗ ಕ್ಷಯದ ವಿರುದ್ಧದ ರಕ್ಷಣೆಯಲ್ಲಿ ಆಗುವ ಹಾನಿ ಹಲವು ಮಟ್ಟದ್ದು. ಮೊದಲನೆಯದಾಗಿ, ಮ್ಯಾಕ್ರೊಫೇಜು ಇಂಟರ್‌ಫೆರಾನ್ ಗಾಮಾದ ಆಜ್ಞೆಗೆ ಸರಿಯಾಗಿ ಕಿವಿಗೊಡದಂತಾಗುತ್ತದೆ. ಟಿ ಕೋಶ ಬಂದು ಸಂದೇಶ ಕೊಟ್ಟರೂ ಕೊಲ್ಲುವ ಕೆಲಸ ಅರೆಬರೆಯಾಗುತ್ತದೆ. ಜೊತೆಗೆ ಐಎಲ್-10 ಎಂಬ, ಉರಿಯೂತವನ್ನು ತಣಿಸುವ ಪ್ರೋಟೀನಿನ ಪ್ರಮಾಣ ಏರಿ, ಟಿ ಕೋಶಗಳಿಗೆ ಹುರುಪು ಕೊಡುವ ಐಎಲ್-12 ಇಳಿಯುತ್ತದೆ. ಕ್ಷಯದ ಆರಂಭದ ದಿನಗಳಲ್ಲಿ ಬಹಳ ಮುಖ್ಯವಾದ ಐಎಲ್-1 ಎಂಬುದೂ ತಗ್ಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕ್ಯಾಟ್ರಿನ್ ಮೇಯರ್-ಬಾರ್ಬರ್, ಅಲನ್ ಶೇರ್ ಮುಂತಾದವರು ಇಲಿಗಳಲ್ಲಿ ತೋರಿಸಿಕೊಟ್ಟಂತೆ, ಐಎಲ್-1 ಮತ್ತು ಆಲ್ಫಾ-ಬೀಟಾ ಇಂಟರ್‌ಫೆರಾನುಗಳು ಒಂದನ್ನೊಂದು ಕೆಳಕ್ಕೆ ತಳ್ಳುವ ಪ್ರತಿಸ್ಪರ್ಧಿಗಳು. ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರ ಮೇಲೆ ರೋಗಾಣುವಿನ ಅದೃಷ್ಟ ನಿಂತಿರುತ್ತದೆ. ಹೆಪಟೈಟಿಸ್ ಸಿ ರೋಗಕ್ಕೆ ಇಂಟರ್‌ಫೆರಾನ್ ಆಲ್ಫಾವನ್ನೇ ಔಷಧವಾಗಿ ಕೊಡುತ್ತಿದ್ದ ಕಾಲದಲ್ಲಿ, ಚಿಕಿತ್ಸೆಯ ನಡುವೆ ಕೆಲವು ರೋಗಿಗಳಿಗೆ ಕ್ಷಯ ಕಾಣಿಸಿಕೊಂಡ ವರದಿಗಳಿಗೆ ಆಗ ಯಾರೂ ಹೆಚ್ಚಿನ ಬೆಲೆ ಕೊಟ್ಟಿರಲಿಲ್ಲ. ಈಗ ಅವು ಇದೇ ಚಿತ್ರದ ಭಾಗವಾಗಿ ಕಾಣುತ್ತವೆ.

ಹಾಗಾದರೆ ಸೋಂಕು ಮೊದಲೇ ಇರುವವರಿಗೆ ನಿಜವಾದ ವೈರಸ್ಸೇ ಬಂದರೆ? ಓ'ಗಾರಾ ಅವರ ತಂಡ 2014ರಲ್ಲಿ ಇದನ್ನು ಇಲಿಗಳಲ್ಲಿ ನೇರವಾಗಿ ಪರೀಕ್ಷಿಸಿತು. ಕ್ಷಯರೋಗಾಣುವಿನ ಜೊತೆಗೆ ಫ್ಲೂ ವೈರಸ್ಸಿನ ಸೋಂಕೂ ತಗುಲಿದ ಇಲಿಗಳ ಶ್ವಾಸಕೋಶದಲ್ಲಿ ಕ್ಷಯರೋಗಾಣುಗಳ ಸಂಖ್ಯೆ ಹೆಚ್ಚಿತು, ಆ ಇಲಿಗಳು ಬದುಕಿದ ಅವಧಿ ಕಡಿಮೆಯಾಯಿತು. ಆದರೆ ಆಲ್ಫಾ-ಬೀಟಾ ಇಂಟರ್‌ಫೆರಾನಿನ ಗ್ರಾಹಕವೇ ಇಲ್ಲದ ತಳಿಯ ಇಲಿಗಳಲ್ಲಿ ಫ್ಲೂ ಬಂದರೂ ರೋಗಾಣುಗಳ ಈ ಏರಿಕೆ ಕಾಣಲಿಲ್ಲ. ಹಾನಿಯ ಮುಖ್ಯ ದಾರಿ ಯಾವುದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಫ್ಲೂ ವೈರಸ್ಸು ಇದಲ್ಲದೆ ಉಸಿರುನಾಳದ ಒಳಪದರದ ರೋಮಕೋಶಗಳನ್ನು ಕೆಡಿಸುತ್ತದೆ, ಗಾಳಿಚೀಲಗಳ ಮ್ಯಾಕ್ರೊಫೇಜುಗಳ ಸಂಖ್ಯೆಯನ್ನೂ ಸಾಮರ್ಥ್ಯವನ್ನೂ ತಗ್ಗಿಸುತ್ತದೆ. ಫ್ಲೂ ಹಿಂದೆಯೇ ಬರುವ ನ್ಯುಮೋನಿಯಕ್ಕೆ ಇವೇ ಕಾರಣಗಳೆಂದು ವೈದ್ಯರು ಬಹಳ ಹಿಂದಿನಿಂದ ಬಲ್ಲರು.

ವೈರಸ್ಸೂ ಕ್ಷಯವೂ ಒಂದನ್ನೊಂದು ಪ್ರಭಾವಿಸುತ್ತವೆ ಎಂಬ ಅರಿವು ಮಾತ್ರ ಇಂಟರ್‌ಫೆರಾನಿಗಿಂತ ಎಷ್ಟೋ ಹಳೆಯದು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1907ರಲ್ಲಿ ಒಂದು ಸರಳ ಪರೀಕ್ಷೆಯನ್ನು ರೂಪಿಸಿದರು: ಕ್ಷಯರೋಗಾಣುವಿನಿಂದ ತೆಗೆದ ಟ್ಯೂಬರ್ಕ್ಯುಲಿನ್ ಎಂಬ ಸಾರವನ್ನು ತೋಳಿನ ಚರ್ಮದ ಗೀರಿನ ಮೇಲೆ ಹಾಕಿದರೆ, ಸೋಂಕು ಇರುವವರಲ್ಲಿ ಒಂದೆರಡು ದಿನಗಳಲ್ಲಿ ಆ ಜಾಗ ಕೆಂಪಗೆ ಊದಿಕೊಳ್ಳುತ್ತದೆ. ಟಿ ಕೋಶಗಳ ಹೆಸರೇ ಇಲ್ಲದ ಆ ಕಾಲದಲ್ಲಿ ಪಿರ್ಕೆ ಅಳೆಯುತ್ತಿದ್ದುದು ವಾಸ್ತವವಾಗಿ ಅವುಗಳ ನೆನಪನ್ನು. ಮರುವರ್ಷ ಅವರು ಗಮನಿಸಿದ ಸಂಗತಿ ಇನ್ನೂ ಮಹತ್ವದ್ದು. ಪರೀಕ್ಷೆಯಲ್ಲಿ ಚರ್ಮ ಊದಿಕೊಳ್ಳುತ್ತಿದ್ದ ಮಕ್ಕಳಿಗೆ ದಡಾರ ಬಂದಾಗ, ಮೈಮೇಲೆ ಗುಳ್ಳೆಗಳು ಎದ್ದ ದಿನಗಳಲ್ಲಿ, ಅದೇ ಮಕ್ಕಳ ಚರ್ಮ ಟ್ಯೂಬರ್ಕ್ಯುಲಿನಿಗೆ ಸ್ಪಂದಿಸುವುದನ್ನೇ ನಿಲ್ಲಿಸಿತು. ದಡಾರ ವಾಸಿಯಾದ ಮೇಲೆ ಆ ಸ್ಪಂದನ ಮರಳಿತು. ವೈರಸ್ಸೊಂದು ದೇಹದ ರಕ್ಷಣಾ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಕುಗ್ಗಿಸಬಲ್ಲದು ಎಂಬುದಕ್ಕೆ ವಿಜ್ಞಾನದಲ್ಲಿ ದೊರೆತ ಮೊದಲ ಪುರಾವೆ ಇದೇ. ದಡಾರ ಬಂದುಹೋದ ಮಗುವಿಗೆ ಕ್ಷಯದ ಭಯ ಎಂದು ಹಳೆಯ ವೈದ್ಯರು ಹೇಳುತ್ತಿದ್ದ ಮಾತಿಗೆ ಇದರಿಂದ ಆಧಾರ ಸಿಕ್ಕಿತು.

ದಡಾರದ ದಾರಿ ಫ್ಲೂವಿನಂತಹುದಲ್ಲ. ದಡಾರ ವೈರಸ್ಸು ಸಿಡಿ150 ಎಂಬ ಗುರುತನ್ನು ಹಿಡಿದು ಕೋಶದೊಳಕ್ಕೆ ಇಳಿಯುತ್ತದೆ, ಮತ್ತು ಆ ಗುರುತು ಹೆಚ್ಚಾಗಿ ಇರುವುದು ಹಿಂದಿನ ಸೋಂಕುಗಳ ನೆನಪನ್ನು ಹೊತ್ತ ಟಿ ಮತ್ತು ಬಿ ಕೋಶಗಳ ಮೇಲೆಯೇ. ಅದು ಕೊಲ್ಲುವುದು ಆ ನೆನಪುಗಳನ್ನು. ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ಮಕ್ಕಳಲ್ಲಿ ಬೇರೆ ಬೇರೆ ರೋಗಾಣುಗಳ ವಿರುದ್ಧ ಇದ್ದ ಪ್ರತಿಕಾಯಗಳ ಸಂಗ್ರಹದಲ್ಲಿ ಶೇಕಡ 11ರಿಂದ 73ರವರೆಗೆ ನಷ್ಟವಾಗಿತ್ತೆಂದು 2019ರ ಒಂದು ಅಧ್ಯಯನ ಲೆಕ್ಕ ಹಾಕಿತು. ಆದ್ದರಿಂದ ದಡಾರದ ಲಸಿಕೆ ದಡಾರವನ್ನು ಮಾತ್ರ ತಡೆಯುವುದಿಲ್ಲ. ವೈರಸ್ಸು ಟ್ಯೂಬರ್ಕ್ಯುಲಿನಿಗೆ ಚರ್ಮದ ಸ್ಪಂದನವನ್ನು ಕುಗ್ಗಿಸಬಲ್ಲದೆಂಬ ಕಾರಣಕ್ಕೆ, ಜೀವಂತ ವೈರಸ್ಸಿನ ಲಸಿಕೆ ಹಾಕಿಸಿಕೊಂಡವರಿಗೆ ಟ್ಯೂಬರ್ಕ್ಯುಲಿನ್ ಪರೀಕ್ಷೆಯನ್ನು ಅದೇ ದಿನ ಮಾಡಬೇಕು, ಇಲ್ಲವೇ ನಾಲ್ಕಾರು ವಾರ ತಡೆದು ಮಾಡಬೇಕು ಎಂಬ ನಿಯಮ ಇಂದಿಗೂ ಪಾಲನೆಯಲ್ಲಿದೆ. ಲಸಿಕೆಯ ದುರ್ಬಲ ವೈರಸ್ಸು ಕ್ಷಯವನ್ನು ಎಬ್ಬಿಸುತ್ತದೆಂದು ಇದರ ಅರ್ಥವಲ್ಲ. ಪರೀಕ್ಷೆಯ ಫಲಿತಾಂಶ ಮಂಕಾಗಬಾರದು ಎಂಬುದಷ್ಟೇ ಉದ್ದೇಶ.

1918ರ ಮಹಾ ಇನ್‌ಫ್ಲುಯೆಂಜಾ ಇನ್ನೊಂದು ಬಗೆಯ ಸಾಕ್ಷ್ಯವನ್ನು ಬಿಟ್ಟುಹೋಗಿದೆ. ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಆ ಪಿಡುಗಿನಲ್ಲಿ ಯಾರು ಕ್ಷಯಿಗಳಾಗಿದ್ದರು, ಯಾರು ಅಲ್ಲ ಎಂದು ಎಣಿಸುವವರು ಇಲ್ಲಿ ಇರಲಿಲ್ಲ. ಅಮೆರಿಕದ ಸಾವಿನ ದಾಖಲೆಗಳು ಮಾತ್ರ ವಿವರವಾಗಿದ್ದವು. ಅವನ್ನು ಪರಿಶೀಲಿಸಿ ಆಂಡ್ರ್ಯೂ ನಾಯ್ಮರ್ ಮತ್ತು ಮಿಶೆಲ್ ಗರೆನ್ 2000ದಲ್ಲಿ ಪ್ರಕಟಿಸಿದ ಲೇಖನ, 1918ರ ನಂತರದ ವರ್ಷಗಳಲ್ಲಿ ಅಲ್ಲಿ ಕ್ಷಯದ ಸಾವುಗಳು, ಅದರಲ್ಲೂ ಗಂಡಸರಲ್ಲಿ, ಗಮನಾರ್ಹವಾಗಿ ಇಳಿದದ್ದನ್ನು ಎತ್ತಿ ತೋರಿಸಿತು. ಅವರ ವಿವರಣೆ ಸರಳವೂ ಕಠೋರವೂ ಆಗಿದೆ: ಮುಂದೆ ಕ್ಷಯದಿಂದ ಸಾಯಬೇಕಾಗಿದ್ದವರು ಮೊದಲೇ ಫ್ಲೂವಿನಿಂದ ಸತ್ತಿದ್ದರು. ಇದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ; ಆದರೂ ಕ್ಷಯದಿಂದ ಜರ್ಜರಿತವಾದ ಶ್ವಾಸಕೋಶ ವೈರಸ್ಸಿನ ಹೊಡೆತವನ್ನು ತಾಳಲಾರದು ಎಂಬ ಮೂಲ ಮಾತನ್ನು ನಂತರದ ಅನುಭವ ಅಲ್ಲಗಳೆದಿಲ್ಲ.

ಆ ಅನುಭವ ಕೋವಿಡ್‌ನ ರೂಪದಲ್ಲಿ ಬಂದಿತು. ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತ್ಯದಲ್ಲಿ 2020ರಲ್ಲಿ ಲಕ್ಷಾಂತರ ಜನರ ಆರೋಗ್ಯ ದಾಖಲೆಗಳನ್ನು ಜೋಡಿಸಿ ನೋಡಿದಾಗ, ವಯಸ್ಸು, ಸಕ್ಕರೆ ಕಾಯಿಲೆ ಮುಂತಾದವನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ, ಆಗ ಕ್ಷಯವಿದ್ದವರು ಕೋವಿಡ್‌ನಿಂದ ಸಾಯುವ ಸಂಭವ ಸುಮಾರು 2.7 ಪಟ್ಟು, ಹಿಂದೆ ಕ್ಷಯ ಬಂದು ವಾಸಿಯಾಗಿದ್ದವರಲ್ಲಿ ಸುಮಾರು 1.5 ಪಟ್ಟು ಹೆಚ್ಚಾಗಿತ್ತು. ಅದೇ ಕೇಪ್‌ಟೌನ್ ನಗರದ ಮತ್ತೊಂದು ತಂಡ, ಕೋವಿಡ್ ರೋಗಿಗಳ ರಕ್ತದಲ್ಲಿ ಕ್ಷಯರೋಗಾಣುವನ್ನು ಗುರುತಿಸಬಲ್ಲ ಸಿಡಿ4 ಟಿ ಕೋಶಗಳ ಪ್ರಮಾಣ ಕಡಿಮೆಯಾಗಿರುವುದನ್ನು ಕಂಡಿತು. ಗ್ರಾನುಲೋಮದ ಗಂಟನ್ನು ಕಾಯುವ ಕೋಶಗಳೇ ಇವು. ಇದರ ಮೇಲೆ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡುಗಳ ಬಳಕೆಯೂ ಸೇರಿಕೊಂಡಿತು. ತೀವ್ರ ಕೋವಿಡ್‌ನಲ್ಲಿ ಅವು ಪ್ರಾಣ ಉಳಿಸಿದ್ದು 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗದಿಂದ ಸಿದ್ಧವಾದ ವಿಷಯ. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದವರೂ ಅಂಗಡಿಯಿಂದ ತಂದು ನುಂಗಿದ್ದು ಬೇರೆಯೇ ವಿಷಯ. ಸ್ಟೀರಾಯ್ಡು ಟಿ ಕೋಶಗಳ ಕೈಕಟ್ಟುತ್ತದೆ, ಅದರಿಂದ ಮಲಗಿದ್ದ ಕ್ಷಯ ಏಳಬಹುದೆಂಬುದು ದಶಕಗಳಿಂದ ತಿಳಿದ ಮಾತು. ಕೋವಿಡ್ ಬಂದವರಿಗೆ ಕ್ಷಯದ ಪರೀಕ್ಷೆ, ಕ್ಷಯವಿದ್ದವರಿಗೆ ಕೋವಿಡ್ ಪರೀಕ್ಷೆ ಎರಡೂ ಆಗಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಆಗಸ್ಟ್‌ನಲ್ಲಿಯೇ ಸೂಚಿಸಿತ್ತು.

ಕೋವಿಡ್‌ನಿಂದ ಕ್ಷಯಕ್ಕಾದ ದೊಡ್ಡ ಉಪಕಾರ ಮಾತ್ರ ಟಿ ಕೋಶಗಳ ಮೂಲಕ ಆದದ್ದಲ್ಲ. 2019ರಲ್ಲಿ ಜಗತ್ತಿನಾದ್ಯಂತ 71 ಲಕ್ಷ ಹೊಸ ಕ್ಷಯರೋಗಿಗಳು ಪತ್ತೆಯಾಗಿದ್ದರೆ, 2020ರಲ್ಲಿ ಪತ್ತೆಯಾದವರು 58 ಲಕ್ಷ. ರೋಗ ಕಡಿಮೆಯಾಗಿರಲಿಲ್ಲ, ಪತ್ತೆಹಚ್ಚುವ ಕೆಲಸ ನಿಂತಿತ್ತು. ಪ್ರಯೋಗಾಲಯದ ಯಂತ್ರಗಳೂ ಸಿಬ್ಬಂದಿಯೂ ಕೋವಿಡ್ ಕಡೆಗೆ ಹೋದರು, ಕೆಮ್ಮುವವರು ಕೆಮ್ಮನ್ನೇ ಬಚ್ಚಿಟ್ಟರು. 2023ರ ಹೊತ್ತಿಗೆ ಪತ್ತೆಯಾದವರ ಸಂಖ್ಯೆ 82 ಲಕ್ಷಕ್ಕೆ ಏರಿತು. ಆ ವರ್ಷ ಕ್ಷಯದಿಂದ ಸತ್ತವರು ಸುಮಾರು 12.5 ಲಕ್ಷ, ಮತ್ತು ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲೊಬ್ಬರು ಭಾರತದವರು.

ಪ್ರಭಾವ ಯಾವಾಗಲೂ ಒಂದೇ ದಿಕ್ಕಿನದಲ್ಲ ಎಂಬುದನ್ನೂ ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಮೊದಲೇ ಕ್ಷಯರೋಗಾಣುವಿನ ಸೋಂಕಿದ್ದ ಇಲಿಗಳಿಗೆ ಕೊರೊನಾ ವೈರಸ್ಸನ್ನು ಕೊಟ್ಟಾಗ, ಆ ಇಲಿಗಳು ವೈರಸ್ಸನ್ನು ಇತರ ಇಲಿಗಳಿಗಿಂತ ಚೆನ್ನಾಗಿ ಎದುರಿಸಿದವೆಂದು 2022ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆಗಲೇ ಎಚ್ಚರಗೊಂಡಿದ್ದ ಶ್ವಾಸಕೋಶ ಹೊಸ ಅತಿಥಿಗೆ ಬೇಗ ಪ್ರತಿಕ್ರಿಯಿಸಿತೆಂಬುದು ಅದರ ವಿವರಣೆ. ಬಿಸಿಜಿ ಲಸಿಕೆಯ ಬಗ್ಗೆಯೂ ಇಂತಹ ಆಸೆ ಹುಟ್ಟಿತ್ತು. ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮೀಲ್ ಗೆರಾನ್ ಫ್ರಾನ್ಸಿನ ಲೀಲ್ ನಗರದಲ್ಲಿ 13 ವರ್ಷ ಕಾಲ 230 ಬಾರಿ ಮರುಕೃಷಿ ಮಾಡಿ ಪಳಗಿಸಿದ, ಹಸುವಿನ ಕ್ಷಯದ ಈ ರೋಗಾಣು, ನೆದರ್ಲೆಂಡ್ಸಿನ ಮಿಹಾಯ್ ನೆಟೆಯಾ ಅವರ ಸಂಶೋಧನೆಯಂತೆ, ನೆನಪೇ ಇರದೆಂದು ತಿಳಿಯಲಾಗಿದ್ದ ಮೊದಲ ಸಾಲಿನ ಬಿಳಿ ಕಣಗಳನ್ನೂ ಕೆಲವು ತಿಂಗಳು ಚುರುಕಾಗಿ ಇಡಬಲ್ಲದು. ಬಿಸಿಜಿ ಹಾಕುವ ದೇಶಗಳಲ್ಲಿ ಕೋವಿಡ್ ಸೌಮ್ಯವೆಂಬ ಮಾತು 2020ರ ಮೊದಲ ತಿಂಗಳುಗಳಲ್ಲಿ ಪತ್ರಿಕೆಗಳಲ್ಲೆಲ್ಲ ಹರಡಿತು. ಎರಡನೆಯ ಅಲೆಯನ್ನು ಕಂಡ ಭಾರತೀಯರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ಟ್ರೇಲಿಯಾದ ನೇತೃತ್ವದಲ್ಲಿ ಐದು ದೇಶಗಳ ಸುಮಾರು 4 ಸಾವಿರ ಆರೋಗ್ಯ ಕಾರ್ಯಕರ್ತರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಸಿಜಿಯು ಕೋವಿಡ್‌ನಿಂದ ರಕ್ಷಣೆ ಕೊಡಲಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಅನ್ವಯಿಸುವ ಅವಸರ ಈ ಕ್ಷೇತ್ರದಲ್ಲಿ ಎಂದಿಗೂ ಒಳ್ಳೆಯದಲ್ಲ.

ಈ ಎಲ್ಲದರ ಫಲವಾಗಿ ರೋಗನಿರ್ಣಯದಲ್ಲಿ ಒಂದು ತೊಡಕು ಹುಟ್ಟುತ್ತದೆ. ಟ್ಯೂಬರ್ಕ್ಯುಲಿನ್ ಪರೀಕ್ಷೆಯೂ, ರಕ್ತದ ಟಿ ಕೋಶಗಳು ಹೊರಬಿಡುವ ಇಂಟರ್‌ಫೆರಾನ್ ಗಾಮಾವನ್ನು ಅಳೆಯುವ ಹೊಸ ಪರೀಕ್ಷೆಯೂ, ಆ ಕೋಶಗಳು ಸ್ಪಂದಿಸುತ್ತವೆ ಎಂಬ ನಂಬುಗೆಯ ಮೇಲೆ ನಿಂತಿವೆ. ತೀವ್ರ ಕೋವಿಡ್‌ನಿಂದ ನರಳುತ್ತಿದ್ದ ಅನೇಕರಲ್ಲಿ ಈ ರಕ್ತಪರೀಕ್ಷೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಇನ್ನು ಆಲ್ಫಾ-ಬೀಟಾ ಇಂಟರ್‌ಫೆರಾನಿನ ಗುರುತನ್ನೇ ಹಿಡಿದು ಕ್ಷಯವನ್ನು ಪತ್ತೆಹಚ್ಚುವ ಪರೀಕ್ಷೆಗಳಿಗೆ ವಿರುದ್ಧ ಬಗೆಯ ಕಷ್ಟ: ಬರೀ ನೆಗಡಿ-ಜ್ವರ ಇರುವವರ ರಕ್ತವೂ ಕ್ಷಯರೋಗಿಯ ರಕ್ತದಂತೆ ತೋರಬಹುದು. ಕಫದಲ್ಲಿ ರೋಗಾಣುವನ್ನೇ ಹುಡುಕುವ ಪರೀಕ್ಷೆಗೆ ಈ ಗೊಂದಲವಿಲ್ಲ. ರೋಗಾಣುವಿನ ಜೀನನ್ನು ಗುರುತಿಸುವ ಈಗಿನ ಯಂತ್ರಗಳು ಸುಮಾರು ಎರಡು ಗಂಟೆಯೊಳಗೆ ಉತ್ತರ ಕೊಡುತ್ತವೆ, ಜೊತೆಗೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ತಿಳಿಸುತ್ತವೆ.

ತೊಡಕಿನ ಇನ್ನೊಂದು ಮುಖ ಪ್ರಯೋಗಾಲಯದ ಹೊರಗಿದೆ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಕಫದಲ್ಲಿ ರೋಗಾಣು ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೆಮ್ಮಿಗಾಗಿ ಆಗಲೇ ಆಸ್ಪತ್ರೆಗಳಿಗೆ ಹೋಗಿ ಬಂದಿದ್ದರೆಂದು ತೋರಿಸಿತು. ಅವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಹಳ್ಳಿಗರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಕ್ಷಯ ಹಬ್ಬುತ್ತದೆ ಎಂದು ಆಗ ಬಲವಾಗಿದ್ದ ಅಭಿಪ್ರಾಯವನ್ನು ಈ ಅಧ್ಯಯನ ಬುಡಮೇಲು ಮಾಡಿತು. ಭಾರತದ ಕ್ಷಯ ನಿಯಂತ್ರಣ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆಯನ್ನು ಸೇರಿಸಿಕೊಂಡದ್ದು ಇಂತಹ ಕೆಲಸದ ಫಲ. ಫ್ಲೂ, ಕೋವಿಡ್ ಅಥವಾ ಇನ್ನಾವುದೋ ವೈರಸ್ಸಿನ ನಂತರ ಉಳಿದುಕೊಳ್ಳುವ ಕೆಮ್ಮಿನ ವಿಷಯದಲ್ಲಿ ಅದೇ ತಪ್ಪು ಇಂದಿಗೂ ನಡೆಯುತ್ತದೆ. ವೈರಸ್ಸಿನ ಕೆಮ್ಮು ತಾನಾಗಿ ಹೋಗುತ್ತದೆಂದು ಕಾಯುತ್ತಾರೆ. ಅಂಗಡಿಯ ಸಿರಪ್ಪಿನಲ್ಲಿ ತಿಂಗಳು ಕಳೆಯುತ್ತದೆ. ಈ ನಡುವೆ ಮನೆಯವರಿಗೆಲ್ಲ ಸೋಂಕು ಹಂಚಿಹೋಗುತ್ತದೆ.

ಜ್ವರ ಬಿಟ್ಟ ಮೇಲೂ ಎರಡು ವಾರ ದಾಟಿದ ಕೆಮ್ಮು, ಸಂಜೆಯ ಹೊತ್ತಿನ ಸಣ್ಣ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದೊಂದು ಇದ್ದರೂ, ವಿಶೇಷವಾಗಿ ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡು ಪಡೆದವರು, ಮನೆಯಲ್ಲಿ ಕ್ಷಯರೋಗಿಗಳಿರುವವರು ಮತ್ತು ಹಿಂದೆ ಕ್ಷಯಕ್ಕೆ ಚಿಕಿತ್ಸೆ ಪಡೆದವರು, ವೈದ್ಯರು ಹೇಳುವವರೆಗೆ ಕಾಯದೆ ತಾವೇ ಕಫ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಮುಂದಿನ ಔಷಧವೂ ಉಚಿತ. ಹತ್ತಿರದ ಪರೀಕ್ಷಾ ಕೇಂದ್ರ ಎಲ್ಲಿದೆ ಎಂದು ತಿಳಿಯಲು 1800-11-6666 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಬಹುದು.